ತಪ್ಪು ಹೇಳುವ ಕೆಲಸ ಯಾರದು?

ಶಿವಮೊಗ್ಗದ ಯಾವ ಬಡಾವಣೆಯಲ್ಲಿ ಒಂದು ಸುತ್ತು ಹಾಕಿದರೂ ಆ ಬೋರ್ಡು ಕಣ್ಣಿಗೆ ಬೀಳುತ್ತದೆ. ವಿನೋಬನಗರವಾಗಲಿ, ಗೋಪಾಳವಾಗಲಿ, ಕಾಂಪೌಂಡಿನ ಮೇಲೊಂದು ಕಾಮನಬಿಲ್ಲು, ಎರಡು ಚಿಟ್ಟೆ, ನಡುವೆ ದಪ್ಪಕ್ಷರದಲ್ಲಿ ‘ಮಾಂಟೆಸ್ಸರಿ’, ಪುಟ್ಟ ಮಕ್ಕಳು ವಸ್ತುಗಳನ್ನು ಕೈಲಿ ಹಿಡಿದು ತಾವೇ ಕಲಿಯುವ ಪದ್ಧತಿಯ ಹೆಸರು. ಈಚೆಗೆ ತೀರ್ಥಹಳ್ಳಿ, ಸಾಗರ, ಹೊಸನಗರದ ಪೇಟೆಗಳಿಗೂ ಬಂದಿದೆ. ಒಳಗೆ ಹೊಕ್ಕರೆ ಪುಟ್ಟ ಡೆಸ್ಕುಗಳ ಸಾಲು, ನಾಲ್ಕು ಗೆರೆಯ ಕಾಪಿ ಪುಸ್ತಕ, ಗೋಡೆಯ ಮೇಲೆ ಎ ಫಾರ್ ಆ್ಯಪಲ್ ಚಾರ್ಟು. ಮೂಲೆಯ ಗಾಜಿನ ಕಪಾಟಿನಲ್ಲಿ ಆ ಪದ್ಧತಿಯ ಸಾಮಗ್ರಿಯಾದ ಹತ್ತು ಗುಲಾಬಿ ಘನಗಳ ಗೋಪುರ ಬೀಗದ ಹಿಂದೆ ನಿಂತಿರುತ್ತದೆ, ಅಡ್ಮಿಶನ್ನಿಗೆ ಬರುವ ಅಪ್ಪ-ಅಮ್ಮಂದಿರಿಗೆ ಕಾಣುವ ಹಾಗೆ. ಇದನ್ನು ಯಾರೂ ಪ್ರಶ್ನಿಸುವ ಹಾಗಿಲ್ಲ. ಆ ಹೆಸರು ಯಾರೊಬ್ಬರ ಸ್ವತ್ತೂ ಅಲ್ಲ, ಪೇಂಟರಿಗೆ ದುಡ್ಡು ಕೊಟ್ಟು ಯಾರು ಬೇಕಾದರೂ ಬರೆಸಬಹುದು.

ಬೋರ್ಡು ಹಾಗಿರಲಿ. ಕಾಡುವುದು ಅಂಥ ಕೋಣೆಗಳಲ್ಲಿ ಅರ್ಧ ಗಂಟೆ ಕೂತರೆ ಕಿವಿಗೆ ಬೀಳುವ ಮಾತುಗಳು. ‘ಹಾಗಲ್ಲ ಪುಟ್ಟಾ.’ ‘ತಪ್ಪು, ಇನ್ನೊಂದ್ಸಲ ನೋಡು.’ ‘ಕೊಡಿಲ್ಲಿ, ನಾ ಮಾಡ್ತೀನಿ.’ ದನಿಯಲ್ಲಿ ಸಿಟ್ಟಿರುವುದಿಲ್ಲ, ಅಕ್ಕರೆಯೇ ಇರುತ್ತದೆ. ಆದರೆ ಮಾಂಟೆಸ್ಸರಿ ಸಾಮಗ್ರಿಯನ್ನು ಒಂದೊಂದಾಗಿ ಕೈಗೆತ್ತಿಕೊಂಡು ನೋಡಿದವರಿಗೆ ಗೊತ್ತು, ಅದರ ಅಳತೆ, ತೂಕ, ಬಣ್ಣ ಎಲ್ಲವನ್ನೂ ಗೊತ್ತುಮಾಡಿರುವುದು ಈ ಮೂರು ಮಾತುಗಳ ಅಗತ್ಯವೇ ಬೀಳದಿರಲಿ ಎಂದು. ಮಗು ಎಲ್ಲಿ ಎಡವಿತು ಎಂಬುದನ್ನು ಮಗುವಿನ ಕೈಲಿರುವ ವಸ್ತುವೇ ಹೇಳಬೇಕು, ಟೀಚರ್ ಸುಮ್ಮನೆ ಕೂರಬೇಕು. ವಸ್ತು ಆ ಕೆಲಸವನ್ನು ಸರಿಯಾಗಿ ಮಾಡದಿದ್ದಾಗ ದೊಡ್ಡವರ ಬಾಯಿ ತೆರೆಯುತ್ತದೆ. ಮಲೆನಾಡಿನಲ್ಲಿ ವಸ್ತು ಕೈಕೊಡುವುದಕ್ಕೆ ನಮ್ಮವೇ ಆದ ಕಾರಣಗಳಿವೆ: ಒಂದು ಮಳೆ, ಇನ್ನೊಂದು ಲಿಪಿ, ಮತ್ತೊಂದು ನಮ್ಮ ಮನೆಗಳ ಮಾತಿನ ಅಭ್ಯಾಸ.

ಪುನರ್ವಸು ಮಳೆಯಲ್ಲಿ ಸಿಲಿಂಡರುಗಳು

ಸಿಲಿಂಡರ್ ಬ್ಲಾಕ್ ಎಂದರೆ ಅರ್ಧ ಮೀಟರಿಗಿಂತ ತುಸು ಉದ್ದದ ಮರದ ತುಂಡು. ಅದರಲ್ಲಿ ಹತ್ತು ಗುಂಡಿ, ಗುಂಡಿಗೊಂದು ಸಿಲಿಂಡರ್, ಪ್ರತಿಯೊಂದರ ತಲೆಯ ಮೇಲೂ ಮೂರು ಬೆರಳಲ್ಲಿ ಹಿಡಿಯುವಷ್ಟೇ ದೊಡ್ಡ ಗುಬ್ಬಿ. ಇಂಥ ನಾಲ್ಕು ಬ್ಲಾಕುಗಳಿರುತ್ತವೆ. ಒಂದರಲ್ಲಿ ದಪ್ಪ ಮಾತ್ರ ಬದಲಾಗುತ್ತದೆ, ಒಂದರಲ್ಲಿ ಎತ್ತರ ಮಾತ್ರ, ಉಳಿದೆರಡರಲ್ಲಿ ಎರಡೂ. ಹತ್ತನ್ನೂ ತೆಗೆದು ಬೆರೆಸಿ ಮತ್ತೆ ಕೂರಿಸುವುದೇ ಕೆಲಸ. ದಪ್ಪದ ಬ್ಲಾಕಿನಲ್ಲಿ ದೊಡ್ಡದು ಸಣ್ಣ ಗುಂಡಿಗೆ ಹೋಗುವುದಿಲ್ಲ. ಸಣ್ಣದು ದೊಡ್ಡ ಗುಂಡಿಗೆ ಹೋಗುತ್ತದೆ, ಆದರೆ ಅಲ್ಲಾಡುತ್ತದೆ, ಕೊನೆಯಲ್ಲಿ ಎಲ್ಲಿಗೂ ಸಲ್ಲದ ಒಂದು ಕೈಯಲ್ಲುಳಿಯುತ್ತದೆ. ಎಲ್ಲೋ ತಪ್ಪಿದೆ ಎಂದು ಮಗುವಿಗೆ ತಾನಾಗಿ ತಿಳಿಯುತ್ತದೆ, ಹಿಂದಕ್ಕೆ ಹೋಗಿ ಹುಡುಕುತ್ತದೆ. 1907ರ ಜನವರಿಯಲ್ಲಿ ರೋಮಿನ ಸ್ಯಾನ್ ಲೊರೆಂಜೊದಲ್ಲಿ, ಈ ಪದ್ಧತಿ ರೂಪಿಸಿದ ಮರಿಯಾ ಮಾಂಟೆಸ್ಸರಿ ತೆರೆದ ಮೊದಲ ಮಕ್ಕಳ ಮನೆಯಲ್ಲಿ ಮೂರು ವರ್ಷದ ಆಸುಪಾಸಿನ ಹುಡುಗಿಯೊಬ್ಬಳು ಇದನ್ನೇ ನಲವತ್ತಕ್ಕೂ ಹೆಚ್ಚು ಸಲ ಮಾಡಿದಳು. ಸುತ್ತ ಉಳಿದ ಮಕ್ಕಳು ಹಾಡಿದರೂ, ಅವಳನ್ನು ಕುರ್ಚಿಸಮೇತ ಎತ್ತಿ ಮೇಜಿನ ಮೇಲಿಟ್ಟರೂ ತಲೆಯೆತ್ತಲಿಲ್ಲ. ಮಾಂಟೆಸ್ಸರಿಯ ಮುಂದಿನ ಯೋಚನೆಗೆಲ್ಲ ಅದೊಂದು ತಿರುವು.

ತೀರ್ಥಹಳ್ಳಿ ಕಡೆಯ ಒಂದು ಹೆಂಚಿನ ಮನೆ, ಜಗಲಿಗೆ ಹೊಂದಿದ ಕೋಣೆಯಲ್ಲಿ ಹದಿನೈದಿಪ್ಪತ್ತು ಮಕ್ಕಳ ತರಗತಿ. ಜುಲೈ ತಿಂಗಳು, ಧೋ ಎಂದು ಹಿಡಿದ ಮಳೆ, ಗೋಡೆಯೂ ಬೆವರುವಂಥ ದಿನ. ನಾಲ್ಕು ವರ್ಷದ ಹುಡುಗಿಯೊಬ್ಬಳು ದಪ್ಪದ ಬ್ಲಾಕು ತಂದು ಚಾಪೆಯ ಮೇಲಿಟ್ಟು ಹತ್ತನ್ನೂ ಕಷ್ಟಪಟ್ಟು ಕಿತ್ತಳು. ಎರಡನೆಯ ದಪ್ಪದ್ದನ್ನು ಅದರ ಗುಂಡಿಗೇ ಒಯ್ದಳು, ಅದು ಬಾಯಿಯಲ್ಲೇ ಕಚ್ಚಿಕೊಂಡಿತು. ಒತ್ತಿದಳು, ಅಂಗೈಯಿಂದ ಗುದ್ದಿದಳು. ಹೋಗಲಿಲ್ಲ. ತೆಗೆದು ಪಕ್ಕದ ದೊಡ್ಡ ಗುಂಡಿಗೆ ಬಿಟ್ಟಳು, ಸರಾಗವಾಗಿ ಇಳಿಯಿತು. ಅಲ್ಲಿಂದ ಮುಂದೆ ಎಲ್ಲವೂ ಒಂದೊಂದು ಮನೆ ಹಿಂದೆ ಸರಿದು ಎಲ್ಲಕ್ಕಿಂತ ದಪ್ಪದ್ದು ಕೈಯಲ್ಲುಳಿಯಿತು. ಮತ್ತೆ ಎಲ್ಲ ತೆಗೆದು ಶುರುಮಾಡಿದಳು, ಮತ್ತೆ ಅದೇ ಕಥೆ. ಮೂರನೆಯ ಬಾರಿ ಬ್ಲಾಕನ್ನು ಹಾಗೇ ಕಪಾಟಿನಲ್ಲಿಟ್ಟು ಕಿಟಕಿಯ ಬಳಿ ಹೋಗಿ ನಿಂತಳು. ಟೀಚರ್ ಇಡೀ ಹೊತ್ತು ಮಾತಾಡದೆ ಕೂತಿದ್ದರು. ತರಬೇತಿಯಲ್ಲಿ ಹೇಳಿಕೊಟ್ಟಂತೆ ಅದು ಸರಿಯೇ. ಆದರೆ ಅಲ್ಲಿ ನಡೆದದ್ದು ಬೇರೆ. ಹುಡುಗಿ ಸರಿಯಾದದ್ದನ್ನೇ ಮಾಡಿದ್ದಳು, ಮರ ಅವಳಿಗೆ ತಪ್ಪು ಎಂದು ಸುಳ್ಳು ಹೇಳಿತ್ತು. ಟೀಚರ ಮೌನಕ್ಕೆ ಬೆಲೆ ಬರುವುದು ಮರ ನಿಜ ಹೇಳಿದಾಗ ಮಾತ್ರ.

ಮರ ಯಾಕೆ ಹೀಗೆ ಮಾಡುತ್ತದೆ ಎಂಬುದು ನಮ್ಮೂರಿನ ಆಚಾರಿಗಳಿಗೆ ಹೊಸದಲ್ಲ. ಮರ ತೇವ ಕುಡಿದಾಗ ನಾರಿನ ಉದ್ದಕ್ಕೆ ಬೆಳೆಯುವುದು ಇಲ್ಲವೆನ್ನುವಷ್ಟು ಕಡಿಮೆ, ಅಡ್ಡಕ್ಕೆ ಮಾತ್ರ ಉಬ್ಬುತ್ತದೆ. ಅಡ್ಡದಲ್ಲೂ ಎರಡು ದಿಕ್ಕಿಗೆ ಎರಡು ಪ್ರಮಾಣ, ಬೆಳವಣಿಗೆಯ ಉಂಗುರಗಳ ಗುಂಟ ಹೆಚ್ಚು, ತಿರುಳಿನಿಂದ ಹೊರಕ್ಕೆ ಸುಮಾರು ಅದರ ಅರ್ಧ. ಹಾಗಾಗಿ ಕಡೆದಾಗ ಗುಂಡಗಿದ್ದ ಸಿಲಿಂಡರ್ ಮಳೆಗಾಲದಲ್ಲಿ ತುಸು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಬ್ಲಾಕಿನ ಗುಂಡಿಯೂ ಮೊಟ್ಟೆಯಾಗುತ್ತದೆ, ಆದರೆ ಬೇರೆ ದಿಕ್ಕಿಗೆ. ಈ ಸಾಮಗ್ರಿಗೆ ಹೆಚ್ಚಾಗಿ ಬಳಸುವ ಬೀಚ್ ಮರ ನೋಡಲು ನುಣುಪು, ತೇವಕ್ಕೆ ಮಾತ್ರ ಬಹಳ ಬೇಗ ಬಗ್ಗುವ ಜಾತಿ. ಐದು ಸೆಂಟಿಮೀಟರ್ ದಪ್ಪದ ತುಂಡು ಬೇಸಿಗೆಯಿಂದ ಮಳೆಗಾಲಕ್ಕೆ ಹತ್ತಿರಹತ್ತಿರ ಒಂದು ಮಿಲಿಮೀಟರ್ ಉಬ್ಬಬಹುದು. ಸಾಗುವಾನಿ ಇದಕ್ಕಿಂತ ಎಷ್ಟೋ ಸ್ಥಿರ, ಬೆಲೆಯೂ ಹಾಗೇ ಇದೆ. ಅಗ್ಗದ ಸೆಟ್ಟುಗಳ ರಬ್ಬರ್ ಮರವನ್ನು ಸರಿಯಾಗಿ ಉಪಚರಿಸದಿದ್ದರೆ ಎರಡನೆಯ ಮಳೆಗಾಲಕ್ಕೆ ಬೂಷ್ಟು, ಮೂರನೆಯದಕ್ಕೆ ಹುಳ.

ಇದಕ್ಕೆ ಎಲ್ಲರೂ ಮಾಡುವ ಮದ್ದು ಜುಲೈನಲ್ಲಿ ಉಪ್ಪುಕಾಗದ ಹಿಡಿದು ಉಜ್ಜುವುದು. ಅದನ್ನು ಮಾಡಲೇಬಾರದು. ಜುಲೈನಲ್ಲಿ ಉಜ್ಜಿ ಸರಿಮಾಡಿದ ಸಿಲಿಂಡರ್ ಫೆಬ್ರವರಿಯಲ್ಲಿ ಗುಂಡಿಯೊಳಗೆ ಗಡಗಡ ಎನ್ನುತ್ತದೆ. ‘ಕೂತಿತು’ ಎಂಬ ಬಿಗಿ ಬೆರಳಿಗೆ ಸಿಗುವುದಿಲ್ಲ, ಸರಿಯಾದದ್ದೂ ತಪ್ಪಾದದ್ದೂ ಒಂದೇ ಥರ ಅಲ್ಲಾಡುತ್ತವೆ. ಮೊದಲು ಒಣಗಿಸಬೇಕು. ಸಂಜೆ ಮಕ್ಕಳು ಹೋದಮೇಲೆ ಮರದ ಸಾಮಾನನ್ನೆಲ್ಲ ಬಾಗಿಲಿರುವ ಅಲಮಾರಿಗೆ ಸೇರಿಸಿ ಒಳಗೊಂದು 40 ವ್ಯಾಟಿನ ಹಳೇ ತಂತಿಯ ಬಲ್ಬು ಉರಿಸಿದರೆ ಸಾಕು (ಎಲ್‌ಇಡಿ ಹಾಕಿ ಬಿಸಿಯಾಗಲಿಲ್ಲ ಎನ್ನುವವರಿದ್ದಾರೆ, ಅದು ಬಿಸಿಯಾಗುವುದಿಲ್ಲ). ಬಲ್ಬಿನಿಂದ ಮರಕ್ಕೆ ಒಂದು ಗೇಣು ಅಂತರವಿರಲಿ. ಬಚ್ಚಲೊಲೆಯ ಮೇಲಿನ ಅಟ್ಟ ಬೇಡ, ಒಂದೇ ಮಗ್ಗುಲಿನ ಕಾವಿಗೆ ಬ್ಲಾಕು ಸೀಳುತ್ತದೆ. ಆಮೇಲೆ ಎಲ್ಲಿ ಕಚ್ಚುತ್ತಿದೆ ಎಂದು ನೋಡಲು ಸಿಲಿಂಡರಿನ ಮೈಗೆ ಪೆನ್ಸಿಲಿನ ಸೀಸ ಸವರಿ ಒಮ್ಮೆ ಇಳಿಸಿ ತೆಗೆಯಿರಿ, ಹೊಳೆಯುವ ಜಾಗವೇ ಕಚ್ಚುವ ಜಾಗ. ಅಲ್ಲಿಗೆ ಮೇಣದಬತ್ತಿ ಉಜ್ಜಿ. ಕೆತ್ತುವುದೇನಿದ್ದರೂ ಜನವರಿ ಕಳೆದ ಮೇಲೆ. ಒಣಗಾಲದಲ್ಲೂ ಬಿಗಿಯಾಗಿರುವುದು ಮಾಡಿದವನ ತಪ್ಪು, ಮಳೆಗಾಲದಲ್ಲಿ ಮಾತ್ರ ಬಿಗಿಯಾಗುವುದು ನೀರಿನದು. ಮಾರ್ಚಿನಲ್ಲಿ ಗುಂಡಿಗಳ ಒಳಮೈಗೂ ಬ್ಲಾಕಿನ ತಳಕ್ಕೂ ಸ್ಯಾಂಡಿಂಗ್ ಸೀಲರ್ (ಮರದ ರಂಧ್ರ ಮುಚ್ಚುವ ಲೇಪ) ಎರಡು ಕೋಟು ಹೊಡೆಯಬೇಕು. ಕಾರ್ಖಾನೆಯವರು ಹೊರಮೈಗೆ ಮಿರಿಮಿರಿ ಪಾಲಿಶ್ ಕೊಟ್ಟು ಗುಂಡಿಯ ಒಳಗನ್ನು ಬೆತ್ತಲೆ ಬಿಟ್ಟಿರುತ್ತಾರೆ, ನೀರು ಒಳಹೊಗುವುದು ಅಲ್ಲಿಂದ.

ಇಷ್ಟೆಲ್ಲ ರಗಳೆ ಯಾಕೆ, ಪ್ಲಾಸ್ಟಿಕ್ ಇದೆಯಲ್ಲ ಎನ್ನುವವರಿಗೆ ಗುಲಾಬಿ ಗೋಪುರವೇ ಉತ್ತರ. ಅತಿ ಸಣ್ಣ ಘನದ ಬದಿ 1 ಸೆಂಟಿಮೀಟರ್, ಅತಿ ದೊಡ್ಡದರದ್ದು 10. ಗಟ್ಟಿ ಮರದ್ದಾದರೆ ದೊಡ್ಡದು ಸಣ್ಣದರ ಸಾವಿರ ಪಟ್ಟು ತೂಗುತ್ತದೆ, ಮಗು ಎರಡು ಕೈಯಲ್ಲಿ ತಬ್ಬಿ ಎತ್ತಬೇಕು. ಕಣ್ಣಿಗೆ ಮುಂಚೆ ತೋಳಿಗೆ ಗೊತ್ತಾಗುತ್ತದೆ ಯಾವುದು ದೊಡ್ಡದೆಂದು. ಪ್ಲಾಸ್ಟಿಕ್ಕಿನ ಪೊಳ್ಳು ಡಬ್ಬಿಗಳಲ್ಲಿ, ಪ್ಲೈವುಡ್ ಬಡಿದು ಮಾಡಿದ ಪೆಟ್ಟಿಗೆಗಳಲ್ಲಿ ಆ ಪಾಠವೇ ಸೋರಿಹೋಗುತ್ತದೆ.

ಗಿಂಡಿ, ಹಿಡಿಸೂಡಿ, ಮತ್ತು ಮೂರು ದಿಕ್ಕಿನ ಕೂಗು

ದುಡ್ಡು ಕೊಟ್ಟು ತರುವ ಸಾಮಗ್ರಿಗಿಂತ ಮುಂಚೆ ಬರಬೇಕಾದದ್ದು ಮನೆಗೆಲಸ. ಸುರಿಯುವುದು, ಗುಡಿಸುವುದು, ಒರೆಸುವುದು, ಅಂಗಿಯ ಗುಂಡಿ ಹಾಕುವುದು, ಚಾಪೆ ಸುತ್ತುವುದು. ಎರಡೂವರೆ ಮೂರು ವರ್ಷದ ಮಗುವಿಗೆ ಇದೇ ಗಣಿತ, ಇದೇ ಭಾಷೆ. ಬೋರ್ಡು ಹಾಕಿದ ಬಹುತೇಕ ಕಡೆ ಇದನ್ನೇ ಬಿಟ್ಟಿರುತ್ತಾರೆ. ಫೀಸು ಕೊಟ್ಟು ಕಸ ಗುಡಿಸಲು ಕಳಿಸಬೇಕೇ ಎಂದು ಪೋಷಕರು ಕೇಳುತ್ತಾರೆಂಬ ಹೆದರಿಕೆ.

ಸುರಿಯುವುದಕ್ಕೊಂದು ಕ್ರಮವಿದೆ. ಮೊದಲು ಅವರೆಕಾಳಿನಂಥ ದಪ್ಪ ಕಾಳು, ನಂತರ ಅಕ್ಕಿ, ಕೊನೆಗೆ ನೀರು. ಅಂಚಿರುವ ಒಂದು ತಟ್ಟೆ, ಅದರ ಮೇಲೆ ಒಂದೇ ಅಳತೆಯ ಎರಡು ಪುಟ್ಟ ಜಗ್ಗು, ತಲಾ 150 ರಿಂದ 200 ಮಿಲಿಲೀಟರಿನವು. ಒಂದರಲ್ಲಿ ಮಾತ್ರ ಅರ್ಧಕ್ಕಿಂತ ತುಸು ಮೇಲೆ. ತಟ್ಟೆಯ ಬಣ್ಣ ಅಕ್ಕಿಗಿಂತ ಬೇರೆಯಿರಬೇಕು, ಇಲ್ಲದಿದ್ದರೆ ಚೆಲ್ಲಿದ್ದು ಕಾಣುವುದಿಲ್ಲ. ಬಿಳಿ ಪ್ಲಾಸ್ಟಿಕ್ ತಟ್ಟೆಯಲ್ಲಿ ಅಕ್ಕಿ ಇಟ್ಟ ತರಗತಿಗಳು ಎಷ್ಟೋ. ತೋರಿಸುವಾಗ ಮಾತಾಡಬಾರದು. ಹಿಡಿ ಹಿಡಿದದ್ದು, ಇನ್ನೊಂದು ಕೈಯ ಎರಡು ಬೆರಳು ಬಾಯಿಯ ಕೆಳಗೆ ಕೊಟ್ಟದ್ದು, ಕೊನೆಯ ಹನಿ ಬೀಳುವ ತನಕ ಕಾದದ್ದು, ಸ್ಪಂಜಿನಿಂದ ಒರೆಸಿದ್ದು, ಒಂದೊಂದೂ ಬೇರೆಬೇರೆಯಾಗಿ, ನಿಧಾನವಾಗಿ ಕಣ್ಣಿಗೆ ಬೀಳಬೇಕು. ಕೈಗೂ ಬಾಯಿಗೂ ಒಟ್ಟಿಗೆ ಕೆಲಸ ಕೊಟ್ಟರೆ ಮಗು ಬಾಯಿಯನ್ನೇ ನೋಡುತ್ತದೆ.

ಮಲೆನಾಡಿನ ಮನೆಗಳಲ್ಲಿ ಇದಕ್ಕೆ ಬೇಕಾದ್ದೆಲ್ಲ ಇತ್ತು, ಈಗಲೂ ಹುಡುಕಿದರೆ ಅಟ್ಟದ ಮೇಲಿದೆ. ಹಿತ್ತಾಳೆಯ ಗಿಂಡಿಯಷ್ಟು ಒಳ್ಳೆಯ ಸುರಿಯುವ ಪಾತ್ರೆ ಯಾವ ಕ್ಯಾಟಲಾಗಿನಲ್ಲೂ ಇಲ್ಲ. ಮೂತಿ ಸಣ್ಣದಾದ್ದರಿಂದ ನೀರು ಎಳೆಯಾಗಿ ಬೀಳುತ್ತದೆ, ಎಷ್ಟು ಬಾಗಿಸಿದರೆ ಎಷ್ಟು ಬರುತ್ತದೆಂದು ಕಣ್ಣಿಗೆ ಕಾಣುತ್ತದೆ, ಒಳ್ಳೆಯ ತೂಕವೂ ಇದೆ. ಹಿಡಿಸೂಡಿಯನ್ನು ಮಗುವಿನ ಸೊಂಟದೆತ್ತರಕ್ಕೆ ಕತ್ತರಿಸಿ ಬಿಗಿಯಾಗಿ ಕಟ್ಟಿ, ನೆಲದ ಮೇಲೆ ಬಳಪದಲ್ಲಿ ಒಂದಡಿ ಅಗಲದ ವೃತ್ತ ಬರೆಯಿರಿ. ಕಸ ವೃತ್ತದೊಳಗೆ ಬರಬೇಕು, ಅಷ್ಟೇ. ವೃತ್ತವಿಲ್ಲದೆ ‘ಗುಡಿಸು’ ಎಂದರೆ ಮಗು ಕಸವನ್ನು ಕೋಣೆಯಿಡೀ ಹರಡುತ್ತದೆ, ಯಾಕೆಂದರೆ ಎಲ್ಲಿಗೆ ತರಬೇಕೆಂದು ಯಾರೂ ತೋರಿಸಿಲ್ಲ. ಅಡಿಕೆಯ ಕಾಲದಲ್ಲಿ ರಾಶಿ, ಬೆಟ್ಟೆ, ಗೊರಬಲು ಎಂದು ಹಿರಿಯರು ಬೇರ್ಪಡಿಸುವುದನ್ನು ನೋಡಿದ ನಾಲ್ಕೂವರೆ ವರ್ಷದವರು ತಾವೂ ಬೇರ್ಪಡಿಸುತ್ತಾರೆ, ಚೆನ್ನಾಗಿಯೇ. ಆದರೆ ಅಡಿಕೆ ಬಾಯಿಗೆ ಹೋಗದಂತೆ ಒಬ್ಬರು ಪಕ್ಕದಲ್ಲಿರಬೇಕು. ಗುಲಗಂಜಿಯನ್ನಂತೂ ಈ ವಯಸ್ಸಿನವರ ಕೋಣೆಗೇ ತರಬಾರದು, ಕೆಂಪು-ಕಪ್ಪಿನ ಅಂದಕ್ಕೆ ಮರುಳಾಗಿ ಎಣಿಸಲು ಕೊಡುವವರಿದ್ದಾರೆ. ಒಡೆದರೆ ಅದು ಕಡುವಿಷ.

ಸಾಗರದ ಕಡೆಯ ಒಂದು ಮನೆಯ ನೆನಪಿದೆ. ನೆಂಟರು ಬಂದಿದ್ದರು. ಮೂರೂವರೆ ವರ್ಷದ ಹುಡುಗ ತಾನೇ ಗಿಂಡಿಗೆ ನೀರು ತುಂಬಿಕೊಂಡು, ಎರಡೂ ಕೈಯಲ್ಲಿ ಹಿಡಿದು, ನಾಲಿಗೆಯನ್ನು ತುಟಿಯ ಮೂಲೆಗೆ ಕಚ್ಚಿ, ನಡುಮನೆ ದಾಟಿ ಜಗಲಿಯತ್ತ ಬರುತ್ತಿದ್ದ. ಕಣ್ಣು ನೀರಿನ ಅಂಚಿನ ಮೇಲೆಯೇ. ಒಂದು ಹನಿ ಬಿದ್ದಿರಲಿಲ್ಲ. ಅಡುಗೆಮನೆಯಿಂದ ಅಜ್ಜಿ, ‘ಏ ಮಾಣಿ, ಚೆಲ್ತೀಯ!’ ಅಂದರು. ಜಗಲಿಯಿಂದ ಅಪ್ಪ, ‘ನಿಧಾನ, ನಿಧಾನ!’ ಕೋಣೆಯಿಂದ ಚಿಕ್ಕಮ್ಮ, ‘ಕೊಡೋ ಇಲ್ಲಿ.’ ಮೂರು ದನಿಗೆ ಅವನು ಮೂರು ಕಡೆ ತಲೆ ತಿರುಗಿಸಿದ. ಚೆಲ್ಲಿದ್ದು ಆಗ. ‘ನೋಡು, ಹೇಳ್ಲಿಲ್ವಾ’ ಎಂದು ಎಲ್ಲರೂ ನಕ್ಕರು, ಪ್ರೀತಿಯಿಂದಲೇ. ನೀರಿನ ಅಂಚು ಅವನಿಗೆ ಬೇಕಾದ್ದನ್ನೆಲ್ಲ ಹೇಳುತ್ತಿತ್ತು. ಅವನು ಅದರ ಮಾತು ಕೇಳುತ್ತಲೂ ಇದ್ದ.

ಇಂಥ ಮನೆಯಿಂದ ಬಂದ ಮಗು ತರಗತಿಯಲ್ಲಿ ಮೊದಲ ತಿಂಗಳೆಲ್ಲ ಏನು ಮಾಡಿದರೂ ಟೀಚರ ಮುಖ ನೋಡುತ್ತದೆ. ಸಿಲಿಂಡರ್ ಇಟ್ಟು ಮುಖ ನೋಡುತ್ತದೆ, ಅಕ್ಕಿ ಸುರಿದು ಮುಖ ನೋಡುತ್ತದೆ. ಆಗ ‘ಗುಡ್, ವೆರಿ ಗುಡ್’ ಎನ್ನುವುದೂ ‘ತಪ್ಪು’ ಎಂದಷ್ಟೇ ಕೆಡುಕು ಮಾಡುತ್ತದೆ, ಮಗುವಿನ ಕಣ್ಣು ವಸ್ತುವಿನಿಂದ ಮುಖಕ್ಕೆ ಅಂಟಿಕೊಳ್ಳುತ್ತದೆ. ನುರಿತ ಟೀಚರುಗಳು ಆ ಹೊತ್ತಿಗೆ ತಾವೂ ತಟ್ಟೆಯತ್ತ ನೋಡುತ್ತಾರೆ. ಮಗುವಿನ ನೋಟ ಅವರ ನೋಟ ಹಿಡಿದು ಹಿಂದಕ್ಕೆ ಹೋಗುತ್ತದೆ. ತರಬೇತಿ ಪುಸ್ತಕಗಳಲ್ಲಿ ಎದ್ದು ಕಾಣದ ಸಣ್ಣ ಉಪಾಯ, ಕೆಲಸ ಮಾತ್ರ ಮಾಡುತ್ತದೆ.

ಒತ್ತಕ್ಷರ ಕೊನೆಗೇ ಯಾಕೆ?

ಬೆರಳಿನಿಂದ ಸವರಿ ಕಲಿಯುವ ಇಂಗ್ಲಿಷಿನ ಮರಳುಕಾಗದದ ಅಕ್ಷರಗಳ ಪೆಟ್ಟಿಗೆ ತರಿಸಿ, ಅದರ ಪಡಿಯಚ್ಚಿನಂತೆ ಕನ್ನಡಕ್ಕೂ 49 ಹಲಗೆ ಮಾಡಿಸಿಬಿಟ್ಟರೆ ಕನ್ನಡದ ಕೆಲಸ ಮುಗಿಯಿತು ಎಂದುಕೊಂಡವರು ಬಹಳ. ನಮ್ಮ ಲಿಪಿ ಹಾಗಿಲ್ಲ. 34 ವ್ಯಂಜನ, ಒಂದೊಂದಕ್ಕೂ ಸ್ವರಗಳ ಗುಣಿತ, ಲೆಕ್ಕ ಹಾಕಿದರೆ ನಾನೂರು ದಾಟುತ್ತದೆ. ಅದರ ಮೇಲೆ ಒತ್ತಕ್ಷರ. ಅಷ್ಟನ್ನೂ ಹಲಗೆ ಮಾಡಲಾಗದು, ಮಾಡಬೇಕಾಗಿಯೂ ಇಲ್ಲ. ಸ್ವರಕ್ಕೆ ನೀಲಿ, ವ್ಯಂಜನಕ್ಕೆ ಕೆಂಪು ಎಂಬ ಮಾಂಟೆಸ್ಸರಿ ಬಣ್ಣಗಳನ್ನೇ ಇಟ್ಟುಕೊಂಡು, ತಲಕಟ್ಟು ಕಳಚಿದ ಕೆಂಪು ಅಕ್ಷರದ ಬಿಡಿ ತುಂಡಿಗೆ ಇಳಿ, ಗುಡಿಸು, ಕೊಂಬು, ಏತ್ವಗಳ ನೀಲಿ ತುಂಡುಗಳನ್ನು ಜೋಡಿಸುವಂತೆ ಮಾಡಿದರೆ ‘ಕಿ’ ಯಲ್ಲಿ ‘ಇ’ ಎಲ್ಲಿದೆ ಎಂದು ಬಣ್ಣವೇ ಹೇಳುತ್ತದೆ. ಇಲ್ಲೂ ತೊಡಕುಂಟು. ಖ, ಜ, ಟ, ಣ, ಬ, ಲ ಗಳಿಗೆ ಕಳಚಲು ತಲಕಟ್ಟೇ ಇಲ್ಲ. ‘ಬಿ’, ‘ಲಿ’ ಬರೆಯುವಾಗ ಗುಡಿಸು ಅಕ್ಷರದ ಮೈಯಲ್ಲೇ ಬೆಸೆದುಕೊಳ್ಳುತ್ತದೆ. ಪ, ವ ಗಳಿಗೆ ಕೊಂಬು ಬುಡದಿಂದ ಅಂಟುತ್ತದೆ, ‘ವು’ ಮತ್ತು ‘ಮ’ ಎಳೆಯ ಕಣ್ಣಿಗೆ ಅವಳಿಜವಳಿ. ಇವಿಷ್ಟನ್ನು ಇಡಿಯಾಗಿಯೇ ಕತ್ತರಿಸಿ ಕೊಡಬೇಕು, ಜೋಡಿಸಿ ನೋಡು ಎಂದರೆ ಮತ್ತೆ ವಸ್ತು ಸುಳ್ಳು ಹೇಳಿದಂತೆ.

ಮರಳುಕಾಗದದ ಹಲಗೆ ಮನೆಯಲ್ಲೇ ಮಾಡುವುದಾದರೆ 4 ಮಿಲಿಮೀಟರ್ ಪ್ಲೈವುಡ್ ಸಾಕು. ಮರದ ಪುಡಿ ಒತ್ತಿ ಮಾಡಿದ ಎಂಡಿಎಫ್ ಹಲಗೆ ನಮ್ಮ ಮಳೆಗೆ ಅಂಚಿನಲ್ಲಿ ಹಪ್ಪಳದಂತೆ ಉಬ್ಬುತ್ತದೆ. ಎರಡೂ ಮೈಗೆ ಬಣ್ಣ ಹೊಡೆಯಿರಿ, ಒಂದೇ ಮೈಗೆ ಹೊಡೆದರೆ ಇನ್ನೊಂದು ಮೈ ತೇವ ಕುಡಿದು ಹಲಗೆ ಬಿಲ್ಲಾಗುತ್ತದೆ. ಅಕ್ಷರದ ಎತ್ತರ ಸುಮಾರು 10 ಸೆಂಟಿಮೀಟರ್, ಗೆರೆಯ ಅಗಲ ಮಗುವಿನ ತೋರುಬೆರಳು ಮತ್ತು ನಡುಬೆರಳು ಜೊತೆಯಾಗಿ ಹರಿಯುವಷ್ಟು. ಕಾಗದ 150 ನಂಬರಿನ ಆಸುಪಾಸು. ಇನ್ನೂ ಒರಟಾದರೆ ನಾಲ್ಕನೇ ಅಕ್ಷರಕ್ಕೆ ಬೆರಳು ಉರಿಯುತ್ತದೆ. ದ-ಧ, ಡ-ಢ ಇವುಗಳ ವ್ಯತ್ಯಾಸ ಬುಡದ ಸಣ್ಣ ಸೀಳು ಮಾತ್ರ. ಮುದ್ರಣದಲ್ಲಿರುವ ಅಳತೆಯಲ್ಲೇ ಕತ್ತರಿಸಿದರೆ ಬೆರಳಿಗೆ ಅದು ಸಿಗುವುದೇ ಇಲ್ಲ, ಒಂದೂವರೆ ಸೆಂಟಿಮೀಟರಾದರೂ ಉದ್ದ ಬಿಡಬೇಕು. ಒಂದು ವಿಷಯದಲ್ಲಿ ಮಾತ್ರ ಈ ಹಲಗೆ ಮೂಗ: ಗೆರೆ ಎಲ್ಲಿಂದ ಶುರುವಾಗಿ ಯಾವ ಕಡೆ ತಿರುಗಬೇಕು ಎಂದು ಅದು ಹೇಳದು. ಅಲ್ಲಿ ಟೀಚರ ಬೆರಳೇ ಗುರು, ಅದಕ್ಕೇ ಶಾಲೆಯ ಎಲ್ಲ ಟೀಚರುಗಳೂ ತಲಕಟ್ಟನ್ನು ಮೊದಲು ಎಳೆಯುತ್ತೇವೋ ಕೊನೆಗೋ ಎಂದು ಜೂನಿಗೆ ಮುಂಚೆ ಒಂದು ಮಾತಿಗೆ ಬರಬೇಕು.

ಯಾವ ಅಕ್ಷರದಿಂದ ಶುರು? ಅ ಆ ಇ ಈ ಎಂಬ ವರ್ಣಮಾಲೆಯ ಓಣಿಯಲ್ಲಿ ಹೋದರೆ ಮೊದಲ ಪದ ಸಿಗುವ ಹೊತ್ತಿಗೆ ಮಗುವಿನ ಆಸೆ ಆರಿರುತ್ತದೆ. ಸರ್ಕಾರಿ ಶಾಲೆಯ ನಲಿಕಲಿ ಇದನ್ನು ಚೆನ್ನಾಗಿ ಅರಿತಿತ್ತು. ರ, ಗ, ಸ, ದ, ಅ ಎಂದು ಶುರುಮಾಡಿ ಐದೇ ಅಕ್ಷರಕ್ಕೆ ಸರ, ಅರಸ, ಗರಗಸ ಕೊಟ್ಟುಬಿಡುತ್ತದೆ. ಖಾಸಗಿ ಬೋರ್ಡುಗಳ ಒಳಗೆ ಇದನ್ನು ಒಪ್ಪಿಕೊಳ್ಳುವ ದೊಡ್ಡತನ ಇನ್ನೂ ಬಂದಿಲ್ಲ. ಕಲಿಸುವ ಬಗೆ ಮೂರು ಹೆಜ್ಜೆಯದು, ಫ್ರಾನ್ಸಿನ ಸೆಗ್ವಿನ್‌ನಿಂದ ಮಾಂಟೆಸ್ಸರಿ ಪಡೆದದ್ದು. ‘ಇದು ಸ, ಇದು ರ’ ಎಂದು ಹೇಳುವುದು ಮೊದಲನೆಯದು. ‘ಸ ಯಾವುದು, ತೋರಿಸು, ರ ವನ್ನು ಕಿಟಕಿಯ ಹತ್ತಿರ ಇಟ್ಟು ಬಾ’ ಎಂಬುದು ಎರಡನೆಯದು. ‘ಇದೇನು?’ ಎಂಬುದು ಮೂರನೆಯದು. ಎರಡನೆಯದನ್ನು ಆಟವಾಗಿ ಬೇಕಾದಷ್ಟು ಹೊತ್ತು ಎಳೆಯಬೇಕು, ನಮ್ಮಲ್ಲಿ ಅದನ್ನೇ ಹಾರಿಸುತ್ತಾರೆ. ಮೂರನೆಯದರಲ್ಲಿ ಮಗು ಬೇರೆ ಹೇಳಿದರೆ ತಿದ್ದಬೇಕಿಲ್ಲ. ಕೇಳಿದ್ದು ಬೇಗವಾಯಿತು ಎಂದಷ್ಟೇ ಅರ್ಥ, ಹಲಗೆ ಎತ್ತಿಟ್ಟು ಇನ್ನೊಂದು ದಿನ ಮೊದಲಿನಿಂದ.

ಇನ್ನು ಒತ್ತಕ್ಷರ. ಎಲ್ಲ ಪಠ್ಯಗಳಲ್ಲೂ ಅದು ಕೊನೆಯ ಪಾಠ. ಆದರೆ ಬಿಡಿ ಅಕ್ಷರಗಳ ಪೆಟ್ಟಿಗೆ ಸಿಕ್ಕ ಮಗು ಮೊದಲು ಜೋಡಿಸಲು ಬಯಸುವುದು ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ. ಒಂದಕ್ಕೂ ಒತ್ತಿಲ್ಲದೆ ಗತಿಯಿಲ್ಲ! ‘ಅಮಮ’ ಎಂದು ಜೋಡಿಸಿಟ್ಟ ಮಗುವನ್ನು ತಿದ್ದಬಾರದು ಎನ್ನುತ್ತದೆ ಪದ್ಧತಿ, ಅದು ಸರಿ. ಆ ಹಂತದಲ್ಲಿ ಮಗು ತಾನು ಕೇಳಿದ ಸದ್ದನ್ನು ಹೊರಗಿಡುತ್ತಿದೆ ಅಷ್ಟೆ. ಆದರೆ ವರ್ಷಗಟ್ಟಲೆ ಅಮಮನಲ್ಲೇ ಬಿಡಬೇಕಾಗಿಯೂ ಇಲ್ಲ. ಗುಣಿತ ಮುಗಿಯಲಿ ಎಂದು ಕಾಯದೆ ಸಜಾತೀಯ ಒತ್ತುಗಳ ಒಂದು ಪುಟ್ಟ ಪೆಟ್ಟಿಗೆ ಕೊಡಬಹುದು. ಅದರಲ್ಲೂ ಕ, ಪ, ಣ, ಜ ಮೊದಲು. ಅವುಗಳ ಒತ್ತು ಮೂಲ ಅಕ್ಷರವನ್ನೇ ಕುಗ್ಗಿಸಿ ಕೆಳಗಿಟ್ಟಂತಿದೆ, ಮಗು ನೋಡಿದೊಡನೆ ಗುರುತಿಸುತ್ತದೆ. ತ, ನ, ಮ, ಯ, ರ, ಲ ಗಳ ಒತ್ತಿಗೆ ಮೂಲದ ಹೋಲಿಕೆಯೇ ಇಲ್ಲ, ಅವನ್ನು ಹೊಸ ಅಕ್ಷರದಂತೆ ಕಲಿಸಬೇಕು. ಹೀಗಾಗಿ ಅಪ್ಪ, ಅಕ್ಕ, ಅಜ್ಜ ಎಲ್ಲ ಬಂದಮೇಲೆ ಅಮ್ಮ ಬರುತ್ತಾಳೆ. ತಾಯಂದಿರು ಬೇಸರಿಸಬಾರದು, ತಪ್ಪು ಲಿಪಿಯದು.

ಲೆಕ್ಕದ ಬಗ್ಗೆ ಒಂದೇ ಮಾತು. ಕದಿರುಕಡ್ಡಿಯ ಪೆಟ್ಟಿಗೆಯಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಮನೆ, ಒಂದೊಂದು ಮನೆಗೂ ಅದರ ಅಂಕಿಯಷ್ಟೇ ಕಡ್ಡಿ, ಒಟ್ಟು ಸರಿಯಾಗಿ 45. ಎಣಿಕೆ ಎಲ್ಲೋ ತಪ್ಪಿದ್ದರೆ ಒಂಬತ್ತರ ಮನೆಗೆ ಕಡ್ಡಿ ಸಾಲದು, ಇಲ್ಲವೇ ಮಿಗುತ್ತದೆ. ಒಂದು ಕಡ್ಡಿ ಕಪಾಟಿನಡಿ ಉರುಳಿಹೋದ ದಿನ ಸರಿಯಾಗಿ ಎಣಿಸಿದ ಮಗುವೂ ತಪ್ಪಾಗುತ್ತದೆ. ಸಂಜೆ ಬಾಗಿಲು ಹಾಕುವ ಮುಂಚೆ 45 ಎಣಿಸುವುದು ಆಯಾಳ ಕೆಲಸ ಎಂದು ತಳ್ಳದೆ ಟೀಚರೇ ಮಾಡಬೇಕಾದ ಕೆಲಸ.

ಬೆಟ್ಟದ ಊರಿನಲ್ಲಿ ಸಿಕ್ಕಿಕೊಂಡಾಗ

ಮಾಂಟೆಸ್ಸರಿ 1939ರ ನವೆಂಬರಿನಲ್ಲಿ ಥಿಯೊಸಾಫಿಕಲ್ ಸೊಸೈಟಿಯ ಕರೆಯ ಮೇರೆಗೆ ಮಗ ಮಾರಿಯೊ ಜೊತೆ ಮದರಾಸಿನ ಅಡ್ಯಾರಿಗೆ ಬಂದಾಗ ಅವರಿಗೆ 69 ವರ್ಷ. ಮರುವರ್ಷ ಇಟಲಿ ಯುದ್ಧಕ್ಕಿಳಿದದ್ದೇ ಬ್ರಿಟಿಷ್ ಸರ್ಕಾರ ಇಬ್ಬರನ್ನೂ ಶತ್ರುದೇಶದವರೆಂದು ನಿರ್ಬಂಧಿಸಿತು, ಮಾರಿಯೊನನ್ನು ಸೆರೆಯಲ್ಲಿಟ್ಟಿತು. ತಾಯಿಯ ಎಪ್ಪತ್ತನೇ ಹುಟ್ಟುಹಬ್ಬದ ದಿನ ಅವನನ್ನು ಬಿಟ್ಟರು. 1942ರಿಂದ 1944ರವರೆಗೆ ಅವರಿದ್ದದ್ದು ಕೊಡೈಕನಾಲಿನಲ್ಲಿ. ಅಲ್ಲಿ ಬೇರೆಬೇರೆ ವಯಸ್ಸಿನ ಮಕ್ಕಳು ಒಟ್ಟಿಗಿದ್ದರು. ಸುತ್ತಲಿನ ಗಿಡ, ಎಲೆ, ಹುಳುಗಳೇ ಪಾಠವಾಗಿ, ಆರು ದಾಟಿದ ಮಕ್ಕಳಿಗಾಗಿ ಅವರು ಮುಂದೆ ಬೆಳೆಸಿದ ವಿಚಾರಗಳು ಅಲ್ಲಿ ರೂಪ ಪಡೆದವು. ರೋಮಿನಿಂದ ಬಂದವರೇ ದಕ್ಷಿಣದ ಒಂದು ಬೆಟ್ಟದ ಊರಿನ ಎಲೆ ಕಿತ್ತು ಪಾಠ ಮಾಡಿದ್ದಾರೆ. ನಾವು ಹಲಸಿನೆಲೆ, ಅಡಿಕೆ ಹಾಳೆಯ ನಡುವೆ ಕೂತು ಮೇಪಲ್ ಎಲೆಯ ಚೌಕಟ್ಟುಗಳನ್ನು ತರಿಸುತ್ತೇವೆ.

ಮೌನದ ಆಟವನ್ನೇ ತೆಗೆದುಕೊಳ್ಳಿ. ಎಲ್ಲರೂ ಸದ್ದಿಲ್ಲದೆ ಕೂತಿರುತ್ತಾರೆ, ಟೀಚರ್ ಪಕ್ಕದ ಕೋಣೆಯಿಂದ ಒಬ್ಬೊಬ್ಬರ ಹೆಸರನ್ನೂ ಪಿಸುಗುಡುತ್ತಾರೆ, ಕೇಳಿದವರು ಸದ್ದಾಗದಂತೆ ಎದ್ದು ಹೋಗಬೇಕು. ತಗಡಿನ ಮಾಡಿನ ಕೆಳಗೆ ಆಷಾಢದಲ್ಲಿ ಇದು ನಡೆಯುವ ಮಾತಲ್ಲ, ಕೂಗಿದರೂ ಕೇಳದು. ಕೈಪಿಡಿಯಲ್ಲಿದೆ ಎಂದು ಆಗಲೂ ಮಾಡಹೋಗಿ, ಕೇಳದ ಮಕ್ಕಳಿಗೆ ‘ಸರಿಯಾಗಿ ಕೇಳಿಸ್ಕೊ’ ಎನ್ನುವುದಕ್ಕಿಂತ ಆ ಆಟವನ್ನು ನವೆಂಬರಿಗೆ ಇಟ್ಟುಕೊಳ್ಳಬಹುದು. ಮಳೆಗಾಲಕ್ಕೆ ಬೇರೆ ಆಟ: ಕಣ್ಣು ಮುಚ್ಚಿ ತಗಡಿನ ಮೇಲಿನ ಮಳೆ ಯಾವುದು, ಬಾಳೆಲೆಯ ಮೇಲಿನದು ಯಾವುದು, ಸೂರಿನ ನೀರು ಬಿಂದಿಗೆಗೆ ಬೀಳುವ ಸದ್ದು ತುಂಬುತ್ತ ಹೋದಂತೆ ಹೇಗೆ ಬದಲಾಗುತ್ತದೆ ಎಂದು ಕೇಳುವುದು. ಉತ್ತರ ಸರಿಯೋ ಎಂದು ಕಣ್ಣು ತೆರೆದರೆ ತಿಳಿಯುತ್ತದೆ.

ಮೂರು ಗಂಟೆ, ಎರಡು ಟ್ರಿಪ್ಪು

ಇಷ್ಟೆಲ್ಲ ಸರಿಯಿದ್ದೂ ಕೆಡುವ ಒಂದು ಜಾಗವಿದೆ, ವೇಳಾಪಟ್ಟಿ. ಮಾಂಟೆಸ್ಸರಿ ತರಗತಿಗೆ ಬೇಕಾದ್ದು ಬೆಳಿಗ್ಗೆ ಒಡೆಯದ ಸುಮಾರು ಮೂರು ಗಂಟೆ ಮತ್ತು ಮೂರರಿಂದ ಆರು ವರ್ಷದವರು ಒಂದೇ ಕೋಣೆಯಲ್ಲಿ. ಎಲ್‌ಕೆಜಿ, ಯುಕೆಜಿ ಎಂದು ಗೋಡೆ ಕಟ್ಟಿದರೆ ದೊಡ್ಡವರನ್ನು ನೋಡಿ ಕಲಿಯುವ ದಾರಿ ಮುಚ್ಚುತ್ತದೆ. ನಲವತ್ತು ನಿಮಿಷಕ್ಕೊಂದು ಗಂಟೆ ಬಾರಿಸಿದರೆ ಮಗು ತನ್ನ ತಪ್ಪನ್ನು ತಾನೇ ಹುಡುಕುವಷ್ಟು ಹೊತ್ತು ಸಿಗುವುದಿಲ್ಲ, ಟೀಚರ್ ಬೇಗ ಹೇಳಿ ಮುಗಿಸುತ್ತಾರೆ. ಸಾಮಾನ್ಯವಾಗಿ ಮೊದಲ ಒಂದು ಗಂಟೆಯ ನಂತರ ಕೋಣೆಯಲ್ಲಿ ಸ್ವಲ್ಪ ಗದ್ದಲ ಏಳುತ್ತದೆ. ಮಕ್ಕಳು ಅಲೆದಾಡುತ್ತಾರೆ, ಯಾವುದನ್ನೂ ಹಿಡಿಯುವುದಿಲ್ಲ. ಅನುಭವವಿಲ್ಲದ ಟೀಚರ್ ಇದನ್ನೇ ದಣಿವು ಎಂದುಕೊಂಡು ಎಲ್ಲರನ್ನೂ ಕೂರಿಸಿ ರೈಮ್ಸ್ ಶುರುಮಾಡುತ್ತಾರೆ. ಹತ್ತು ಹದಿನೈದು ನಿಮಿಷ ಬಿಟ್ಟಿದ್ದರೆ ಅದು ತಾನಾಗಿ ತಣಿಯುತ್ತದೆ, ದಿನದ ಗಟ್ಟಿ ಕೆಲಸ ನಡೆಯುವುದು ಆಮೇಲೆ.

ನಮ್ಮ ಕಡೆ ಇದನ್ನು ಒಡೆಯುವುದು ವ್ಯಾನು. ಒಂದೇ ವ್ಯಾನು ಎರಡು ಟ್ರಿಪ್ಪು ಹೊಡೆಯುತ್ತದೆ, ಮೊದಲ ಟ್ರಿಪ್ಪಿನವರು ಎಂಟೂ ಮುಕ್ಕಾಲಿಗೆ ಬಂದರೆ ಹಳ್ಳಿಯ ಕಡೆಯವರು ಒಂಬತ್ತೂವರೆಗೆ. ಎಲ್ಲರೂ ಬರಲಿ ಎಂದು ಕಾಯಿಸಬಾರದು, ಬಂದವರು ಬಂದ ಹಾಗೆ ಚಪ್ಪಲಿ ಇಟ್ಟು, ಕೊಡೆ ಒಣಹಾಕಿ ಕೆಲಸ ಆರಿಸಿಕೊಳ್ಳಲಿ. ಪ್ರಾರ್ಥನೆ, ಹಾಡು, ಹಾಜರಿ ಎಲ್ಲ ಕೊನೆಗಿರಲಿ. ಇನ್ನೊಂದು ಮಳೆ ರಜೆ. ಜಿಲ್ಲಾಧಿಕಾರಿಗಳ ಆದೇಶದಂತೆ ಮೂರು ನಾಲ್ಕು ದಿನ ಬಾಗಿಲು ಮುಚ್ಚಿ ತೆರೆದಾಗ, ಜೂನಿನಲ್ಲಿ ಸೇರಿದ ಮಕ್ಕಳು ಮತ್ತೆ ಮೊದಲ ದಿನದವರಂತಿರುತ್ತಾರೆ. ಹೋದ ದಿನಗಳನ್ನು ಹಿಡಿಯುವ ಅವಸರದಲ್ಲಿ ಅಂದೇ ಹೊಸ ಸಾಮಗ್ರಿ ತೆರೆಯುವುದು ಸಾಮಾನ್ಯ, ಆ ವಾರವೆಲ್ಲ ಎಳೆದಾಟವಾಗುವುದೂ ಸಾಮಾನ್ಯ. ಒಂದೆರಡು ದಿನ ಹೊಸದೇನೂ ಬೇಡ. ಚಾಪೆ ಬಿಚ್ಚಿ ಸುತ್ತುವುದು, ಕೈ ತೊಳೆಯುವುದು, ಕಪಾಟಿನ ಧೂಳು ಬೂಷ್ಟು ಒರೆಸುವುದು, ಇವನ್ನೇ ಮಾಡಿಸಿ. ಒರೆಸಲು ಬಟ್ಟೆ ಮಗುವಿಗೊಂದರಂತೆ ಇರಲಿ, ಅಂಗೈಯಗಲದ್ದು, ಒಣಗಿದ್ದು. ಒದ್ದೆ ಬಟ್ಟೆಯಲ್ಲಿ ಬೂಷ್ಟು ಒರೆಸಿದರೆ ಮರುದಿನಕ್ಕೆ ಇಮ್ಮಡಿಯಾಗಿರುತ್ತದೆ.